ರಾತ್ರಿ ಪಾಳಿಯಲ್ಲಿ ಬೆಂಕಿ ಹತ್ತಿದರೆ: ಆಸ್ಪತ್ರೆ ಸಿಬ್ಬಂದಿಗೆ ಒಂದು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನಾನು ನೈಟ್ ಡ್ಯೂಟಿ ಮಾಡುತ್ತಿದ್ದಾಗಿನ ಮಾತು. ರಾತ್ರಿ ಎರಡೂವರೆ ಆಗಿರಬೇಕು. ವಾರ್ಡಿನ ಮೂಲೆಯ ಸ್ವಿಚ್ ಬೋರ್ಡಿನಿಂದ ವೈರು ಸುಟ್ಟ ವಾಸನೆ ಬಂತು, ಹಿಂದೆಯೇ ಹೊಗೆ. ಹಾಸಿಗೆಗಳ ಮೇಲೆ 22 ಪೇಶಂಟ್, ನನ್ನ ಜೊತೆಗೆ ಒಬ್ಬ ಆಯಾ. ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆ ಅಂತ ಗೊತ್ತಿತ್ತು, ಆದರೆ ಅದಕ್ಕೆ ಅಡ್ಡವಾಗಿ ಯಾರೋ ಬಟ್ಟೆಯ ಕಪಾಟು ತಂದಿಟ್ಟಿದ್ದರು. ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಬೀಗ. "ಕಾಕಾ, ಕೀಲಿ ತರ್ರಿ!" ಅಂತ ಒದರಿದರೆ ವಾಚ್‌ಮನ್ ಕಾಕಾ ಗೇಟಿನಾಚೆ ಚಹಾಕ್ಕೆ ಹೋಗಿದ್ದರು. ಕೊನೆಗೆ ಆ ಆಯಾನೇ ಓಡಿಹೋಗಿ ಮೇನ್ ಸ್ವಿಚ್ ಕೆಳಗೆ ಮಾಡಿದಳು. ಬೋರ್ಡು ಕರಕಲಾಯಿತು, ಬೆಂಕಿ ಅಲ್ಲಿಗೇ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಅದೇ ವರ್ಷ ನಾನು ಅಗ್ನಿ ಸುರಕ್ಷತೆಯ ತರಬೇತಿಗೆ ಕೂತು ಸರ್ಟಿಫಿಕೇಟ್ ತಂದಿದ್ದೆ. ಆಯಾಗೆ ಯಾರೂ ಯಾವ ತರಬೇತಿಯನ್ನೂ ಕೊಟ್ಟಿರಲಿಲ್ಲ. ದಿನಾ ಕಸ ಹೊಡೆಯುವಾಗ ಕಂಡಿದ್ದರಿಂದ ಮೇನ್ ಸ್ವಿಚ್ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಆವತ್ತಿನಿಂದ ನಾನು ಕೆಲಸ ಮಾಡಿದ ಪ್ರತಿ ವಾರ್ಡಿನಲ್ಲೂ ಏನೇನು ತಯಾರಿ ಮಾಡಿಕೊಂಡೆ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ದೊಡ್ಡ ಆಸ್ಪತ್ರೆಗೂ ಆಗುತ್ತದೆ, ದೇಶಪಾಂಡೆ ನಗರದ ಹತ್ತು ಹಾಸಿಗೆಯ ನರ್ಸಿಂಗ್ ಹೋಮಿಗೂ ಆಗುತ್ತದೆ.

ಯಾಕೆ ರಾತ್ರಿ, ಯಾಕೆ ಹೊಗೆ

2011ರ ಡಿಸೆಂಬರ್ 9ರಂದು ಕೋಲ್ಕತ್ತದ ಆಮ್ರಿ ಆಸ್ಪತ್ರೆಯಲ್ಲಿ ಬೆಂಕಿ ಹತ್ತಿದ್ದು ನೆಲಮಾಳಿಗೆಯಲ್ಲಿ. ಸುಮಾರು 90 ಜನ ಸತ್ತರು. ಬಹುತೇಕರು ಮೇಲಿನ ಮಹಡಿಗಳಲ್ಲಿ ಮಲಗಿದ್ದವರು; ಬೆಂಕಿ ಅವರನ್ನು ಮುಟ್ಟಲೇ ಇಲ್ಲ, ಹೊಗೆ ಮುಟ್ಟಿತು. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯಲ್ಲಿ 10 ನವಜಾತ ಶಿಶುಗಳು ಹೋದವು. ಅದೇ ವರ್ಷ ಏಪ್ರಿಲ್‌ನಲ್ಲಿ ವಿರಾರ್, ಮೇ ತಿಂಗಳಲ್ಲಿ ಭರೂಚ್. 2024ರ ನವೆಂಬರ್ 15ರಂದು ಝಾನ್ಸಿಯ ವೈದ್ಯಕೀಯ ಕಾಲೇಜಿನಲ್ಲಿ ಮತ್ತೆ ಶಿಶುಗಳು, ಆ ಒಂದೇ ರಾತ್ರಿ 10. ಇವೆಲ್ಲ ನಡೆದದ್ದು ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರ ನಡುವೆ. ಹಗಲು ಬೆಂಕಿ ಬೀಳುವುದಿಲ್ಲ ಅಂತಲ್ಲ, 2021ರ ನವೆಂಬರ್‌ನಲ್ಲಿ ಅಹ್ಮದ್‌ನಗರದ ಐಸಿಯು ಉರಿದದ್ದು ಹಗಲಲ್ಲೇ. ಆದರೆ ರಾತ್ರಿ ನಮ್ಮಲ್ಲಿ ಕೈಗಳು ಕಡಿಮೆ, ಬಾಗಿಲುಗಳಿಗೆ ಬೀಗ ಜಾಸ್ತಿ, ನಿರ್ಧಾರ ಮಾಡುವ ಹಿರಿಯರು ಮನೆಯಲ್ಲಿರುತ್ತಾರೆ. ಅಗ್ನಿಶಾಮಕದವರು ಎಷ್ಟು ಬೇಗ ಹೊರಟರೂ ಮೊದಲ ಕೆಲವು ನಿಮಿಷ ವಾರ್ಡಿನಲ್ಲಿ ಎಚ್ಚರಿದ್ದವರವೇ. ಹಾಗಾಗಿ ತಯಾರಿಯನ್ನು ರಾತ್ರಿಯ ಲೆಕ್ಕದಲ್ಲೇ ಮಾಡಬೇಕು.

ಹೊಗೆಯ ಬಗ್ಗೆ ಒಂದು ಮಾತು. ಫೋಮಿನ ಗಾದಿ, ರೆಕ್ಸಿನ್, ವೈರಿನ ಪ್ಲಾಸ್ಟಿಕ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಫೋಮಿನಿಂದ ಸೈನೈಡ್ ಅನಿಲವೂ ಬರುತ್ತದೆ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿದರೆ ಮಸಿ ಸ್ವಲ್ಪ ತಡೆಯುತ್ತದೆ, ಈ ಅನಿಲಗಳನ್ನು ತಡೆಯುವುದಿಲ್ಲ. ಒದ್ದೆ ಟವೆಲ್ ಇದೆ ಎಂಬ ಧೈರ್ಯದ ಮೇಲೆ ಹೊಗೆಯೊಳಗೆ ಮತ್ತೆ ನುಗ್ಗಬೇಡಿ.

ಹೆಜ್ಜೆ 1: ಬರಿಗೈಯಲ್ಲಿ ವಾರ್ಡಿನ ಒಂದು ಸುತ್ತು

ಟ್ರೇ ಇಲ್ಲದೆ, ಫೈಲ್ ಇಲ್ಲದೆ, ಸುಮ್ಮನೆ ನಿಮ್ಮ ವಾರ್ಡನ್ನು ಒಮ್ಮೆ ಸುತ್ತಿ ಬನ್ನಿ. ಇಷ್ಟನ್ನು ಕೈಯಿಂದ ಮುಟ್ಟಿ ನೋಡಿ: ನಂದಿಸುವ ಸಿಲಿಂಡರ್, ಅಲಾರಾಂ ಬಟನ್, ವಾರ್ಡಿನ ವಿದ್ಯುತ್ ಮೇನ್, ಆಕ್ಸಿಜನ್ ಪೈಪ್‌ಲೈನಿನ ವಾಲ್ವ್ ಪೆಟ್ಟಿಗೆ, ಹೊರಹೋಗುವ ಎರಡು ದಾರಿ. ಎರಡನೇ ದಾರಿ ಇಲ್ಲದ ವಾರ್ಡು ನಿಮ್ಮದಾಗಿದ್ದರೆ ಅದನ್ನು ಇವತ್ತೇ ಬರವಣಿಗೆಯಲ್ಲಿ ಮೇಲಿನವರಿಗೆ ಕೊಡಿ, ಬಾಯಿಮಾತು ಸಾಲದು.

ಆಮೇಲೆ ಒಂದು ಹಾಳೆಯ ಮೇಲೆ ಕೈಯಿಂದಲೇ ನಕ್ಷೆ ಬರೆಯಿರಿ. ಆಸ್ಪತ್ರೆ ಗೋಡೆಗೆ ಹಾಕಿದ ಬಣ್ಣದ ನಕ್ಷೆ ಇರಬಹುದು, ಇರಲಿ. ಅದು ಕಟ್ಟಡ ಕಟ್ಟಿದಾಗಿನದು. ಆಮೇಲೆ ಎಷ್ಟು ಪಾರ್ಟಿಶನ್ ಎದ್ದಿವೆ, ಯಾವ ಬಾಗಿಲು ಸ್ಟೋರಿನ ಹಿಂದೆ ಸೇರಿದೆ ಅನ್ನೋದು ದಿನಾ ಓಡಾಡುವ ನಿಮಗೆ ಗೊತ್ತು. ಹಳೆಯ ಬಂಗಲೆಗಳನ್ನೇ ಆಸ್ಪತ್ರೆ ಮಾಡಿಕೊಂಡ ಕಟ್ಟಡಗಳಲ್ಲಂತೂ ಈ ಕೈ ನಕ್ಷೆ ಬೇಕೇ ಬೇಕು.

ಹೆಜ್ಜೆ 2: ಕೀಲಿ ಮತ್ತು ದಾರಿ

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ, ಖರ್ಚೂ ಇಲ್ಲದ ಹೆಜ್ಜೆ.

ತುರ್ತು ಬಾಗಿಲಿಗೆ ಬೀಗ ಇರಲೇಬಾರದು. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಅಡ್ಡಪಟ್ಟಿ ಹಾಕಿಸಿದರೆ ಹೊರಗಿನವರು ಒಳಬರುವ ಭಯವೂ ಇರುವುದಿಲ್ಲ. ಆದರೆ ಮಗು ಕಳವು, ಬೈಕ್ ಕಳವು ಅಂತ ಕಾರಣ ಕೊಟ್ಟು ಬೀಗ ಹಾಕುವುದು ನಮ್ಮಲ್ಲಿ ನಿಂತಿಲ್ಲ. ಆ ಬೀಗ ತೆಗೆಸುವವರೆಗೆ ಕೀಲಿ ಆ ಬಾಗಿಲಿನ ಪಕ್ಕದಲ್ಲೇ ಗಾಜಿನ ಚಿಕ್ಕ ಡಬ್ಬಿಯಲ್ಲಿರಲಿ, ಇನ್ನೊಂದು ನರ್ಸಿಂಗ್ ಸ್ಟೇಷನ್ನಿನಲ್ಲಿ. ವಾಚ್‌ಮನ್ನನ ಸೊಂಟದಲ್ಲಿರುವ ಕೀಲಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಾಳಿ ಬದಲಾಗುವಾಗ ಡ್ರಗ್ ಕಪಾಟಿನ ಕೀಲಿ ಎಣಿಸಿ ಕೊಡುತ್ತೇವಲ್ಲ, ಇದನ್ನೂ ಅದರ ಜೊತೆಗೇ ಎಣಿಸಿ ಕೊಡಿ.

ಇನ್ನು ದಾರಿ. ಸರ್ಕಾರಿ ಆಸ್ಪತ್ರೆಯ ಮೆಟ್ಟಿಲ ಕೆಳಗೆ, ರ‍್ಯಾಂಪಿನ ತಿರುವಿನಲ್ಲಿ ಏನಿರುತ್ತದೆ ಅಂತ ನಮಗೆಲ್ಲ ಗೊತ್ತು: ಮುರಿದ ಕಾಟು, ಹರಿದ ಗಾದಿ, ಚಕ್ರ ಹೋದ ಸ್ಟ್ರೆಚರ್. ಕಂಡೆಮ್ ಆಗಬೇಕಾದ ಸಾಮಾನು ಅಂತ ಸಹಿಗಾಗಿ ವರ್ಷಗಟ್ಟಲೆ ಕಾಯುತ್ತಾ ಕೂತಿರುತ್ತದೆ. ಆಮ್ರಿಯ ನೆಲಮಾಳಿಗೆಯಲ್ಲಿ ಉರಿದದ್ದೂ ಹೀಗೆ ತುಂಬಿಟ್ಟ ಸಾಮಾನೇ. ಸಹಿ ತಡವಾದರೆ ಆಗಲಿ, ಸಾಮಾನು ಮಾತ್ರ ಕಟ್ಟಡದ ಹೊರಗೆ ಹೋಗಿ ಕಾಯಲಿ.

ಪೇಶಂಟ್ ಕಡೆಯವರ ವಿಷಯ ಸೂಕ್ಷ್ಮ. ಗಜೇಂದ್ರಗಡದಿಂದ, ಹಾನಗಲ್ಲಿನಿಂದ ಬಂದವರು ಲಾಡ್ಜಿಗೆ ಎಲ್ಲಿ ಹೋಗಬೇಕು? ಕಾರಿಡಾರಿನಲ್ಲೇ ಚಾಪೆ ಹಾಸಿ, ರೊಟ್ಟಿ ಗಂಟು ತಲೆಯ ಬಳಿ ಇಟ್ಟುಕೊಂಡು ಮಲಗುತ್ತಾರೆ. ಬೈದು ಎಬ್ಬಿಸಿದರೆ ನಾವು ತಿರುಗಿದ ಕೂಡಲೇ ಮತ್ತೆ ಅಲ್ಲೇ ಮಲಗುತ್ತಾರೆ. ನಾವು ಮಾಡಿದ್ದು ಇಷ್ಟು: ಕಾರಿಡಾರಿನ ಒಂದು ಗೋಡೆಯ ಗುಂಟ ಹಳದಿ ಬಣ್ಣದ ಗೆರೆ ಹೊಡೆಸಿದೆವು. "ಈ ಗೆರಿ ದಾಟಿ ಮಲಗಬ್ಯಾಡ್ರಿ ಯವ್ವಾ, ರಾತ್ರಿ ನಿಮ್ಮ ಮಗನ್ನ ಸ್ಟ್ರೆಚರ್ ಮ್ಯಾಲೆ ಒಯ್ಯಬೇಕಾದ್ರ ಇದೇ ದಾರಿ" ಅಂತ ಕಾರಣ ಸಮೇತ ಹೇಳಿದೆವು. ಕಾರಣ ತಿಳಿದವರು ತಾವೇ ಉಳಿದವರಿಗೆ ಹೇಳತೊಡಗಿದರು.

ಹೊಗೆ ತಡೆಯುವ ದಪ್ಪ ಬಾಗಿಲುಗಳಿಗೆ ಇಟ್ಟಿಗೆಯನ್ನೋ ಸ್ಟೂಲನ್ನೋ ಅಡ್ಡ ಕೊಟ್ಟು ತೆರೆದಿಡುವ ರೂಢಿಯೂ ಬಿಡಬೇಕು. ತೆರೆದಿಟ್ಟ ಫೈರ್ ಡೋರ್ ಇದ್ದೂ ಇಲ್ಲದಂತೆ.

ಹೆಜ್ಜೆ 3: ಕರೆಂಟು

ಎಸಿ, ವೆಂಟಿಲೇಟರ್, ವಾರ್ಮರ್, ಕಾಮಾಲೆ ಮಕ್ಕಳ ದೀಪ, ಇವೆಲ್ಲ ದಿನದ 24 ಗಂಟೆ ಓಡುತ್ತವೆ. ಮನೆಯ ಎಸಿಗೆ ಸಿಗುವಷ್ಟು ವಿಶ್ರಾಂತಿಯೂ ಐಸಿಯುವಿನ ಎಸಿಗೆ ಸಿಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಬಿಸಿಲಿಗೆ ಅದರ ಮೇಲೆ ಕೂಲರ್‌ಗಳೂ ಸೇರುತ್ತವೆ. ಐದು ಸಂಗತಿ ಕಂಡರೆ ಕೂಡಲೇ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ: ಪ್ಲಗ್ ಕೈಗೆ ಬಿಸಿ ಹತ್ತುವುದು, ಸಾಕೆಟ್ ಕಂದು ಬಣ್ಣಕ್ಕೆ ತಿರುಗಿರುವುದು, ಬೋರ್ಡಿನಿಂದ ಚಟಚಟ ಸದ್ದು, ಮೀನು ಕೊಳೆತಂಥ ಇಲ್ಲವೇ ರಬ್ಬರು ಸುಟ್ಟಂಥ ವಾಸನೆ, ಪದೇಪದೇ ಬೀಳುವ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್). ಬೀಳುತ್ತದೆ ಅಂತ ದೊಡ್ಡ ಎಂಸಿಬಿ ಹಾಕಿಸುವವರಿದ್ದಾರೆ. ವೈರು ಅಷ್ಟೇ ತೆಳುವಾಗಿದ್ದು ಎಂಸಿಬಿ ಮಾತ್ರ ದೊಡ್ಡದಾದರೆ, ಮೊದಲು ಸ್ವಿಚ್ ಬೀಳುತ್ತಿದ್ದ ಜಾಗದಲ್ಲಿ ಈಗ ವೈರು ಉರಿಯುತ್ತದೆ.

ಎಕ್ಸ್‌ಟೆನ್ಶನ್ ಬಾಕ್ಸಿಗೆ ಮತ್ತೊಂದು ಎಕ್ಸ್‌ಟೆನ್ಶನ್ ಚುಚ್ಚಬಾರದು. ಪೇಶಂಟ್ ಕಡೆಯವರ ಮೊಬೈಲ್ ಚಾರ್ಜಿಂಗಿಗೆ ಕಾರಿಡಾರಿನಲ್ಲಿ ಒಂದು ಬೋರ್ಡ್ ಮಾಡಿಕೊಡಿ, ಹಾಸಿಗೆಯ ಪಕ್ಕದ ಸಾಕೆಟ್ ಯಂತ್ರಗಳಿಗೇ ಇರಲಿ. ಹೆಸ್ಕಾಂನವರ ಕರೆಂಟು ಹೋಗಿ ಜನರೇಟರ್ ಬಂದ ಕೂಡಲೇ ಒಮ್ಮೆ ಬೋರ್ಡುಗಳತ್ತ ಕಣ್ಣು ಹಾಯಿಸುವುದನ್ನು ರೂಢಿ ಮಾಡಿಕೊಳ್ಳಿ. ಯುಪಿಎಸ್ ಬ್ಯಾಟರಿಗಳನ್ನು ಮೆಟ್ಟಿಲ ಕೆಳಗೆ ಇಟ್ಟಿದ್ದರೆ ಅದು ತಪ್ಪು ಜಾಗ.

ಹೆಜ್ಜೆ 4: ಆಕ್ಸಿಜನ್, ಸ್ಪಿರಿಟ್, ಊದುಬತ್ತಿ

ಆಕ್ಸಿಜನ್ ತಾನೇ ಉರಿಯುವುದಿಲ್ಲ, ಉಳಿದದ್ದನ್ನು ಉರಿಸುತ್ತದೆ. ಗಾಳಿಯಲ್ಲಿ ಅದು 21%. ಎರಡು-ಮೂರು ಅಂಶ ಹೆಚ್ಚಾದರೂ ಬಟ್ಟೆ, ಕೂದಲು ಬೇಗ ಹೊತ್ತಿಕೊಳ್ಳುತ್ತವೆ, ಜೋರಾಗಿ ಉರಿಯುತ್ತವೆ. ಪೇಶಂಟ್ ಶೌಚಕ್ಕೆ ಹೋದಾಗ ಮಾಸ್ಕನ್ನು ಹಾಗೇ ಹಾಸಿಗೆಯ ಮೇಲೆ ಬಿಟ್ಟು ಫ್ಲೋಮೀಟರ್ ತೆರೆದಿಡುತ್ತೇವೆ. ಹತ್ತು ನಿಮಿಷದಲ್ಲಿ ಆ ಹೊದಿಕೆ ಆಕ್ಸಿಜನ್ ಹೀರಿಕೊಂಡಿರುತ್ತದೆ. ಮಾಸ್ಕ್ ತೆಗೆದರೆ ಫ್ಲೋಮೀಟರ್ ಬಂದ್, ಇದು ಬೆರಳಿಗೆ ಬರಬೇಕು. ಸಿಲಿಂಡರಿನ ವಾಲ್ವಿಗೆ ಎಣ್ಣೆ, ಗ್ರೀಸ್, ವ್ಯಾಸಲಿನ್ ಕೈ ತಾಗಬಾರದು. ಸಿಲಿಂಡರನ್ನು ಸರಪಳಿಯಿಂದ ಕಟ್ಟಿರಬೇಕು.

ಕೈಗೆ ಹಚ್ಚುವ ಸ್ಯಾನಿಟೈಸರ್ ಹತ್ತಿಕೊಂಡರೆ ಅದರ ಉರಿ ಬೆಳಕಿನಲ್ಲಿ ಕಾಣಿಸುವುದೇ ಕಷ್ಟ. ಬಾಟಲಿ ಸಾಕೆಟ್ಟಿನ ಮೇಲ್ಗಡೆ ಬೇಡ. ಓಟಿಯಲ್ಲಿ ಸ್ಪಿರಿಟ್ ಹಚ್ಚಿದ ಚರ್ಮ ಪೂರ್ತಿ ಒಣಗುವವರೆಗೆ, ಕನಿಷ್ಠ 3 ನಿಮಿಷ, ಹೊದಿಕೆ ಹಾಕಬಾರದು, ಕಾಟರಿ (ಕರೆಂಟಿನ ಬಿಸಿಯಿಂದ ಕೊಯ್ಯುವ, ರಕ್ತ ನಿಲ್ಲಿಸುವ ಉಪಕರಣ) ಮುಟ್ಟಬಾರದು. ಸರ್ಜನ್ ಅವಸರ ಮಾಡಿದರೂ "ಸರ್, ಇನ್ನೂ ಒಣಗಿಲ್ಲ" ಅಂತ ಸ್ಕ್ರಬ್ ನರ್ಸ್ ಹೇಳಬಹುದು, ಹೇಳಬೇಕು.

ಇನ್ನೊಂದು ವಿಷಯ ನಮ್ಮ ಕಡೆಯದೇ. ಮಹಾನವಮಿಯ ಖಂಡೇಪೂಜೆಗೆ ಆಸ್ಪತ್ರೆಯಲ್ಲೂ ಯಂತ್ರಗಳಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ಕರ್ಪೂರ ಬೆಳಗುತ್ತೇವೆ. ವರ್ಷವಿಡೀ ಜೀವ ಉಳಿಸುವ ಯಂತ್ರಕ್ಕೆ ಕೈಮುಗಿಯುವುದು ನನಗೂ ಪ್ರೀತಿಯ ಆಚರಣೆ. ಆದರೆ ಐಸಿಯು, ಓಟಿ, ಮ್ಯಾನಿಫೋಲ್ಡ್ ಕೋಣೆಯಲ್ಲಿ (ಆಕ್ಸಿಜನ್ ಸಿಲಿಂಡರುಗಳನ್ನು ಪೈಪ್‌ಲೈನಿಗೆ ಜೋಡಿಸಿಟ್ಟ ಕೋಣೆ) ಹೂವು ಕುಂಕುಮ ಸಾಕು. ಕರ್ಪೂರ, ಊದುಬತ್ತಿ ಹೊರಗಿನ ಅಂಗಳದಲ್ಲಿ ಆಗಲಿ. ಹೆರಿಗೆ ವಾರ್ಡಿನಲ್ಲಿ ಅಜ್ಜಿಯರು ಕೂಸಿಗೆ ಲೋಬಾನದ ಹೊಗೆ ಹಾಕಲು ಕೆಂಡ ತರುತ್ತಾರೆ, ಸೊಳ್ಳೆ ಬತ್ತಿಯನ್ನು ಕಾಟಿನ ಕೆಳಗೇ ಹಚ್ಚಿಡುತ್ತಾರೆ. "ಅಜ್ಜೀ, ಇಲ್ಲಿ ಆಕ್ಸಿಜನ್ ಐತಿ, ಮನಿಗೆ ಹೋದ ಮ್ಯಾಲೆ ಹಾಕ್ರಿ" ಅಂತ ಮೊದಲ ದಿನವೇ ಹೇಳಿ, ಸೊಳ್ಳೆ ಪರದೆ ಕೊಡಿ. ಶೌಚಾಲಯದಲ್ಲಿ ಬೀಡಿ ಸೇದುವವರ ಮೇಲೆ ಮಾತ್ರ ದಾಕ್ಷಿಣ್ಯ ಬೇಡ.

ಹೆಜ್ಜೆ 5: ನೀರು ಮತ್ತು ಸಿಲಿಂಡರ್

ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿಯ ಜಲಾಶಯದಿಂದ ಬರಬೇಕು, ಗದಗ-ಬೆಟಗೇರಿಗೆ ತುಂಗಭದ್ರೆಯಿಂದ. ನಳಕ್ಕೆ ದಿನಾ ನೀರು ಬರದ ಓಣಿಗಳು ಎರಡೂ ಕಡೆ ಇವೆ. ಬೇಸಿಗೆಯಲ್ಲಿ ನೀರು ತಡವಾದಾಗ ಆಸ್ಪತ್ರೆಗಳು ಕೈ ಹಾಕುವುದು ಬೆಂಕಿಗೆಂದು ಮೀಸಲಿಟ್ಟ ಟ್ಯಾಂಕಿಗೆ. ಹೋಸ್ ಪೈಪ್, ಪಂಪ್ ಎಲ್ಲ ಇದ್ದು ಟ್ಯಾಂಕ್ ಖಾಲಿ ಇದ್ದರೆ ಏನು ಬಂತು? ದಿನಬಳಕೆಯ ಪೈಪನ್ನು ಟ್ಯಾಂಕಿನ ಮೇಲ್ಭಾಗದಿಂದ ಮಾತ್ರ ತೆಗೆಸಿದರೆ ಕೆಳಗಿನ ಮೀಸಲು ಯಾರೂ ಮುಟ್ಟಲಾಗದಂತೆ ಉಳಿಯುತ್ತದೆ. ಪ್ಲಂಬರನ ಒಂದು ದಿನದ ಕೆಲಸ. ಮಾರ್ಚಿನಿಂದ ಜೂನ್‌ವರೆಗೆ ವಾರಕ್ಕೊಮ್ಮೆ ಟ್ಯಾಂಕಿನ ಮಟ್ಟ ನೋಡಿ ಬರೆದಿಡಿ.

ಕೈಯಲ್ಲಿ ಹಿಡಿಯುವ ಸಿಲಿಂಡರುಗಳಲ್ಲಿ ವಾರ್ಡಿನವರು ಗುರುತಿಸಬೇಕಾದ್ದು ಮುಖ್ಯವಾಗಿ ಎರಡು. ಎಬಿಸಿ ಪೌಡರ್: ಬಟ್ಟೆ, ಕಾಗದ, ಎಣ್ಣೆ, ಕರೆಂಟಿನ ಬೆಂಕಿ ಎಲ್ಲಕ್ಕೂ ನಡೆಯುತ್ತದೆ, ಆದರೆ ಪುಡಿ ಎದ್ದು ಉಸಿರಿಗೆ ತೊಂದರೆ, ಯಂತ್ರವೂ ಹಾಳಾಗುತ್ತದೆ. ಕಾರ್ಬನ್ ಡೈಆಕ್ಸೈಡ್: ಕಪ್ಪು ಕೊಳವೆಯ ಬಾಯಿ ಇರುವುದು, ಕರೆಂಟಿನ ಬೆಂಕಿಗೆ ಒಳ್ಳೆಯದು, ಯಂತ್ರ ಕೆಡುವುದಿಲ್ಲ. ಆ ಕೊಳವೆಯ ಬಾಯನ್ನು ಬರಿಗೈಲಿ ಹಿಡಿಯಬೇಡಿ, ಚರ್ಮ ಮರಗಟ್ಟಿ ಸುಟ್ಟಂತಾಗುತ್ತದೆ. ಚಿಕ್ಕ ಮುಚ್ಚಿದ ಕೋಣೆಯಲ್ಲಿ ಅದನ್ನು ಬಿಟ್ಟು ಅಲ್ಲೇ ನಿಲ್ಲಬೇಡಿ, ಉಸಿರು ಕಟ್ಟುತ್ತದೆ. ನೀರಿನ ಸಿಲಿಂಡರನ್ನು ಕರೆಂಟಿನ ಬೆಂಕಿಗೆ ತೋರಿಸಬಾರದು.

ಪೌಡರ್ ಸಿಲಿಂಡರಿನ ಗೇಜಿನ ಮುಳ್ಳು ಹಸಿರಿನಲ್ಲಿರಬೇಕು. ಕಾರ್ಬನ್ ಡೈಆಕ್ಸೈಡಿಗೆ ಗೇಜು ಇರುವುದಿಲ್ಲ, ಅದನ್ನು ತೂಗಿಯೇ ನೋಡಬೇಕು. ಬಳಸುವ ರೀತಿ: ಪಿನ್ ಎಳೆ, ಉರಿಯ ಬುಡಕ್ಕೆ ಗುರಿ ಇಡು, ಹಿಡಿ ಒತ್ತು, ಆಚೀಚೆ ಆಡಿಸು. ಆರೆಂಟು ಅಡಿ ದೂರ ನಿಲ್ಲಿ, ಬೆನ್ನು ಬಾಗಿಲ ಕಡೆಗಿರಲಿ. ಸಿಲಿಂಡರ್ ನಡೆಯುವುದು ಕೆಲವೇ ಸೆಕೆಂಡು. ಒಮ್ಮೆಯಾದರೂ ಪ್ರತಿ ಸಿಬ್ಬಂದಿ ನಿಜವಾದ ಸಿಲಿಂಡರಿನ ಪಿನ್ ಎಳೆದು ಒತ್ತಿ ನೋಡಿರಬೇಕು. ಅವಧಿ ಮುಗಿದು ರೀಫಿಲ್ಲಿಗೆ ಹೋಗುವ ಸಿಲಿಂಡರುಗಳನ್ನು ಹಾಗೇ ಕಳಿಸಬೇಡಿ, ಅಂಗಳದಲ್ಲಿ ಅವುಗಳಿಂದಲೇ ಅಭ್ಯಾಸ ಮಾಡಿಸಿ ಕಳಿಸಿ.

ಹೆಜ್ಜೆ 6: ನ, ಹಿ, ಹೊ

ಇದು ನಾನು ಪ್ರತಿ ಪಾಳಿಯ ಹ್ಯಾಂಡೋವರ್ ಪುಸ್ತಕದಲ್ಲಿ ಬರೆಯುವ ಮೂರು ಅಕ್ಷರ. ನ ಅಂದರೆ ತಾವೇ ನಡೆಯುವವರು. ಹಿ ಅಂದರೆ ಹಿಡಿದು ನಡೆಸಬೇಕಾದವರು, ಇಲ್ಲವೇ ವೀಲ್‌ಚೇರ್ ಬೇಕಾದವರು. ಹೊ ಅಂದರೆ ಹೊತ್ತೇ ಒಯ್ಯಬೇಕಾದವರು. 22 ಪೇಶಂಟಿನಲ್ಲಿ ನ 12, ಹಿ 6, ಹೊ 4 ಅಂತ ರಾತ್ರಿ ಎಂಟಕ್ಕೇ ಗೊತ್ತಿದ್ದರೆ, ಎರಡೂವರೆಗೆ ಯೋಚಿಸುವ ಕೆಲಸ ಉಳಿಯುವುದಿಲ್ಲ. ಪ್ರತಿ ಹೊ ಗೆ ಇಬ್ಬರು ಬೇಕು, ವೆಂಟಿಲೇಟರಿನವರಿಗೆ ಮೂರು-ನಾಲ್ಕು. ಅಷ್ಟು ಕೈ ಎಲ್ಲಿಂದ? ಪಕ್ಕದ ವಾರ್ಡಿನಿಂದ ಯಾರು ಬರುತ್ತಾರೆ ಅಂತ ಹೆಸರು ಹಿಡಿದು ಬರೆದಿಡಿ. ಗಟ್ಟಿಮುಟ್ಟಾದ ಇಬ್ಬರು ಅಟೆಂಡರನ್ನೂ ಮೊದಲೇ ಗುರುತಿಸಿಕೊಳ್ಳಿ.

ಆಕ್ಸಿಜನ್ ಮೇಲಿದ್ದವರ ಲೆಕ್ಕ ಬೇರೆ ಬರೆಯಿರಿ. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಎರಡೂವರೆ ಗಂಟೆ, ಅರ್ಧ ತುಂಬಿದ್ದರೆ ಒಂದೂಕಾಲು ಗಂಟೆ. ವೆಂಟಿಲೇಟರಿನ ಪ್ರತಿ ಹಾಸಿಗೆಯ ತಲೆಯ ಬಳಿ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ತೂಗಿರಬೇಕು, ಕಪಾಟಿನಲ್ಲಿ ಬೀಗ ಹಾಕಿಟ್ಟಿರಬಾರದು.

ಹೆಜ್ಜೆ 7: ಬೆಂಕಿ ಕಂಡ ಕ್ಷಣ

ತರಬೇತಿಯಲ್ಲಿ ಇಂಗ್ಲಿಷಿನ ನಾಲ್ಕಕ್ಷರದ ಸೂತ್ರ ಕಲಿಸುತ್ತಾರೆ, ರೇಸ್ ಅಂತ. ನಮ್ಮ ಆಯಾ ಅಕ್ಕಂದಿರಿಗೆ, ಸೆಕ್ಯುರಿಟಿಯವರಿಗೆ ಅದು ನೆನಪಿನಲ್ಲಿ ನಿಲ್ಲಲಿಲ್ಲ. ನಾವು ಹೀಗೆ ಮಾಡಿಕೊಂಡೆವು: ಬಿಡಿಸು, ಒದರು, ಮುಚ್ಚು, ಆರಿಸು.

ಬಿಡಿಸು: ಬೆಂಕಿಯ ಪಕ್ಕದ ಹಾಸಿಗೆಯವರನ್ನು ಮೊದಲು ಅಲ್ಲಿಂದ ಎಳೆದುಕೊಳ್ಳಿ. ಕಾಟಿಗೆ ಚಕ್ರ ಇದ್ದರೆ ಕಾಟು ಸಮೇತ.

ಒದರು: ಬಿಡಿಸುತ್ತಲೇ ಕೂಗಿ. "ಕೋಡ್ ರೆಡ್" ಅನ್ನುವ ಆಸ್ಪತ್ರೆಯಾದರೆ ಹಾಗೆ, ಇಲ್ಲವಾದರೆ "ಬೆಂಕಿ" ಅಂತ. ಅಲಾರಾಂ ಒತ್ತಿ. ಪೇಶಂಟ್ ಗಾಬರಿಯಾಗುತ್ತಾರೆ ಅಂತ ಮೆತ್ತಗೆ ಹೇಳಿ ಎರಡು ನಿಮಿಷ ಕಳೆಯುವುದು ದೊಡ್ಡ ತಪ್ಪು. ಹಿರಿಯರಿಗೆ ಫೋನ್ ಮಾಡಿ ಅನುಮತಿ ಕೇಳುವ ಹೊತ್ತೂ ಇದಲ್ಲ.

ಮುಚ್ಚು: ಆ ಕೋಣೆಯಿಂದ ಕೊನೆಯವರು ಹೊರಬಂದ ಕೂಡಲೇ ಬಾಗಿಲು ಎಳೆದುಕೊಳ್ಳಿ. ಒಂದು ಮುಚ್ಚಿದ ಬಾಗಿಲು ಹೊಗೆಯನ್ನು ಎಷ್ಟೋ ನಿಮಿಷ ಆಚೆ ನಿಲ್ಲಿಸುತ್ತದೆ. ಕೇಂದ್ರೀಯ ಎಸಿ ಇದ್ದರೆ ಅದನ್ನು ನಿಲ್ಲಿಸಿ, ಇಲ್ಲದಿದ್ದರೆ ಗಾಳಿಯ ನಾಳವೇ ಹೊಗೆಯನ್ನು ವಾರ್ಡಿನಿಂದ ವಾರ್ಡಿಗೆ ಹಂಚುತ್ತದೆ. ಆಕ್ಸಿಜನ್ ವಾಲ್ವ್ ಮುಚ್ಚುವುದು ಯಾರ ನಿರ್ಧಾರ ಅಂತ ಮೊದಲೇ ಗೊತ್ತಿರಬೇಕು. ಸಾಮಾನ್ಯವಾಗಿ ಪಾಳಿಯ ಇನ್‌ಚಾರ್ಜ್ ಸಿಸ್ಟರ್, ಅದೂ ಆ ಲೈನಿನ ಮೇಲಿದ್ದ ಎಲ್ಲರೂ ಸಿಲಿಂಡರಿಗೋ ಅಂಬು ಬ್ಯಾಗಿಗೋ ಬದಲಾದ ಮೇಲೆ. ಉರಿ ಆಕ್ಸಿಜನ್ ಔಟ್‌ಲೆಟ್ಟಿನ ಬಳಿಯೇ ಇದ್ದರೆ ಕಾಯಬಾರದು.

ಆರಿಸು: ಬೆಂಕಿ ಕಸದ ಬುಟ್ಟಿಯಷ್ಟಿದ್ದರೆ ಮಾತ್ರ. ನಿಮ್ಮ ಸೊಂಟ ದಾಟಿದ್ದರೆ, ಹೊಗೆ ತಲೆಯ ಮಟ್ಟಕ್ಕೆ ಇಳಿದಿದ್ದರೆ, ಒಂದು ಸಿಲಿಂಡರ್ ಮುಗಿದರೂ ಆರದಿದ್ದರೆ ಬಿಟ್ಟು ಹೊರಡಿ.

ಹೆಜ್ಜೆ 8: ಪೇಶಂಟನ್ನು ಸಾಗಿಸುವುದು

ಮೊದಲು ಅದೇ ಮಹಡಿಯಲ್ಲಿ ಫೈರ್ ಡೋರಿನ ಆಚೆಗೆ. ಕೆಳಗಿಳಿಸುವುದು ಆಮೇಲಿನ ಮಾತು. ಗಾಬರಿಯಲ್ಲಿ ಎಲ್ಲರೂ ಮೆಟ್ಟಿಲಿಗೆ ಓಡಿದರೆ, ಹೊಗೆಯೂ ಅದೇ ಮೆಟ್ಟಿಲ ಬಾವಿಯಲ್ಲಿ ಮೇಲೇರುತ್ತಿರುತ್ತದೆ. ಲಿಫ್ಟ್ ಬೇಡವೇ ಬೇಡ. ಬೆಂಕಿಯ ಹತ್ತಿರದವರು ಮೊದಲು. ನಂತರ ನ ಗುಂಪು, ಒಬ್ಬ ಆಯಾ ಅಥವಾ ನರ್ಸಿಂಗ್ ವಿದ್ಯಾರ್ಥಿಯ ಹಿಂದೆ ಒಬ್ಬರ ಕೈ ಒಬ್ಬರು ಹಿಡಿದು. ಆಮೇಲೆ ಹಿ, ಹೊ.

ಹೊರಲು ಸ್ಟ್ರೆಚರ್ ಸಿಗುವುದಿಲ್ಲ ಅಂತಲೇ ತಿಳಿದು ತಯಾರಾಗಿ. ಹಾಸಿಗೆಯ ಮೇಲಿನ ಬೆಡ್‌ಶೀಟ್ ಒಬ್ಬರನ್ನು ಎಳೆಯುವಷ್ಟರಲ್ಲಿ ಹರಿಯುತ್ತದೆ. ನಮ್ಮ ಭಾಗದ ಪೇಶಂಟ್ ಕಡೆಯವರು ಮನೆಯಿಂದ ತರುವ ಕೌದಿ ಇದೆಯಲ್ಲ, ಹಳೆಯ ಸೀರೆಗಳನ್ನು ಪದರ ಪದರವಾಗಿ ಒತ್ತೊತ್ತಾಗಿ ಹೊಲಿದದ್ದು, ಅದು ಹರಿಯುವುದಿಲ್ಲ. ನೆಲಕ್ಕೆ ಕೌದಿ ಹಾಸಿ, ಪೇಶಂಟನ್ನು ಅದರ ಮೇಲೆ ಇಳಿಸಿ, ತಲೆಯ ಕಡೆಯ ಎರಡು ಮೂಲೆ ಸುತ್ತಿ ಹಿಡಿದು, ತಲೆ ಸ್ವಲ್ಪ ಮೇಲೆತ್ತಿ ಎಳೆಯಿರಿ. ನುಣುಪಾದ ನೆಲದಲ್ಲಿ ಒಬ್ಬ ಹೆಣ್ಣುಮಗಳು ತನಗಿಂತ ಭಾರದವರನ್ನು ಎಳೆದೊಯ್ಯಬಹುದು, ನಾನು ಎಳೆದು ನೋಡಿದ್ದೇನೆ. ಮೆಟ್ಟಿಲಲ್ಲಾದರೆ ನಾಲ್ಕು ಮೂಲೆಗೆ ನಾಲ್ವರು, ಪಾದ ಮುಂದೆ. ವಾರ್ಡಿಗೆ ನಾಲ್ಕು ಕೌದಿ ಮಡಚಿ ಕೆಂಪು ಪಟ್ಟಿ ಕಟ್ಟಿ ಇಟ್ಟುಕೊಳ್ಳಿ.

ನವಜಾತ ಶಿಶುಗಳ ಘಟಕದಲ್ಲಿ ಎರಡು-ಮೂರು ದೊಡ್ಡ ಜೇಬಿನ ಏಪ್ರನ್ ಹೊಲಿಸಿಡಿ, ಒಬ್ಬರು ಎರಡು ಕೂಸು ಹೊರಬಹುದು. ಕೂಸಿನ ಕಾಲಿನ ಹೆಸರಿನ ಪಟ್ಟಿ ಯಾವ ಕಾರಣಕ್ಕೂ ಬಿಚ್ಚಿರಬಾರದು, ಬೆಂಕಿಯ ನಂತರ ತಾಯಂದಿರು ಕೇಳುವ ಮೊದಲ ಪ್ರಶ್ನೆ ಅದೇ. ಡಯಾಲಿಸಿಸ್‌ನಲ್ಲಿ ಎರಡೂ ಸೂಜಿಯ ಕ್ಲಾಂಪ್, ಎರಡೂ ಲೈನಿನ ಕ್ಲಾಂಪ್ ಮುಚ್ಚಿ ಬಿಡಿಸಿ, ಸೂಜಿ ಕೈಯಲ್ಲೇ ಇರಲಿ, ಹೊರಗೆ ಬಂದ ಮೇಲೆ ತೆಗೆದರಾಯಿತು. ವಾರಕ್ಕೆ ಮೂರು ಸಲ ಬರುವ ಪೇಶಂಟ್‌ಗಳಿಗೇ ಇದನ್ನು ಕಲಿಸಿಬಿಡಿ. ಓಟಿಯಲ್ಲಿ ಹೊದಿಕೆಗೆ ಹತ್ತಿದರೆ ಆಕ್ಸಿಜನ್ ನಿಲ್ಲಿಸಿ, ಹೊದಿಕೆ ಕಿತ್ತೆಸೆದು, ಸಲೈನ್ ಸುರಿಯಿರಿ.

ಹೊರಬರುವ ದಾರಿ ಹೊಗೆಯಿಂದ ಮುಚ್ಚಿದ್ದರೆ ಹೊರಗೋಡೆಗೆ ಕಿಟಕಿ ಇರುವ ಕೋಣೆ ಸೇರಿಕೊಳ್ಳಿ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿ ತೆರೆದು ಬಿಳಿ ಬಟ್ಟೆ ಬೀಸಿ. ಯಾವ ಬಾಗಿಲನ್ನಾದರೂ ತೆರೆಯುವ ಮುಂಚೆ ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ, ಬಿಸಿ ಇದ್ದರೆ ತೆರೆಯಬೇಡಿ.

ಹೆಜ್ಜೆ 9: ಫೋನು

101 ಅಥವಾ 112. ಬೆಂಕಿ ಚಿಕ್ಕದಿದೆ, ನೋಡೋಣ ಅಂತ ತಡ ಮಾಡಬೇಡಿ. ಆರಿದ ಮೇಲೆ ವಾಪಸ್ ಕಳಿಸಿದರೆ ಯಾರೂ ಬೈಯುವುದಿಲ್ಲ. ಹೇಳಬೇಕಾದ್ದು ಹೀಗೆ: "ವಿದ್ಯಾನಗರ, ಇಂಥ ಆಸ್ಪತ್ರೆ, ಇಂಥ ಬಿಆರ್‌ಟಿಎಸ್ ನಿಲ್ದಾಣದ ಎದುರಿನ ಓಣಿ. ಮೂರನೇ ಮಹಡಿ ಐಸಿಯು. ಎಸಿಗೆ ಬೆಂಕಿ, ಹೊಗೆ ತುಂಬಿದೆ. ಒಳಗೆ 11 ಪೇಶಂಟ್, 4 ಜನ ವೆಂಟಿಲೇಟರ್ ಮೇಲೆ. ಆಕ್ಸಿಜನ್ ಪ್ಲಾಂಟ್ ಹಿಂದಿನ ಅಂಗಳದಲ್ಲಿದೆ." ಅವರು ಇಡುವವರೆಗೆ ನೀವು ಫೋನ್ ಇಡಬೇಡಿ. ಒಬ್ಬರು ಗೇಟಿಗೆ ಓಡಲಿ, ಬೈಕುಗಳನ್ನು ಸರಿಸಲಿ, ಗಾಡಿಗೆ ದಾರಿ ತೋರಿಸಲಿ. ಹಾವೇರಿ, ಗದಗ ಜಿಲ್ಲೆಯ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಗಾಡಿ ತಾಲೂಕು ಕೇಂದ್ರದಿಂದ ಬರಬೇಕಾಗಬಹುದು. ಅಲ್ಲಿನವರು ಮರಳಿನ ಬಕೆಟ್, ನೀರಿನ ಡ್ರಮ್ಮು, ಪಕ್ಕದ ಮನೆಯವರ ಫೋನ್ ನಂಬರ್ ಈ ಮೂರನ್ನೂ ಸಿದ್ಧ ಇಟ್ಟುಕೊಂಡಿರಲಿ.

ಹೆಜ್ಜೆ 10: ಅಣಕು ಕಾರ್ಯಾಚರಣೆ, ಅದೂ ರಾತ್ರಿ

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ. ಆ ವಾರ ಅವರನ್ನು ಕರೆಯಿರಿ, ಸಂತೋಷದಿಂದ ಬಂದು ತೋರಿಸಿಕೊಡುತ್ತಾರೆ. ಆದರೆ ಬೆಳಗ್ಗೆ ಹನ್ನೊಂದಕ್ಕೆ ಅಂಗಳದಲ್ಲಿ ಫೋಟೋ ತೆಗೆಸಿಕೊಂಡು ಮುಗಿಸಿದರೆ ತಯಾರಿ ಆಗಲಿಲ್ಲ. ಅಂಥ ತರಬೇತಿಯ ಕುರ್ಚಿಗಳಲ್ಲಿ ಕೂತಿರುವವರು ಡಾಕ್ಟರು, ಸೂಪರಿಂಟೆಂಡೆಂಟ್, ಹಗಲು ಪಾಳಿಯವರು. ರಾತ್ರಿ ಎಚ್ಚರಿರುವ ಹೊರಗುತ್ತಿಗೆಯ ಆಯಾ, ಸೆಕ್ಯುರಿಟಿ, ಲಿಫ್ಟಿನವನು, ಲ್ಯಾಬಿನ ಹುಡುಗ ಅಲ್ಲಿರುವುದಿಲ್ಲ. ಏಜೆನ್ಸಿ ಬದಲಾದಾಗೆಲ್ಲ ಹೊಸ ಮುಖಗಳು ಬರುತ್ತವೆ. ಹೊಸಬರಿಗೆ ಮೊದಲ ದಿನವೇ ಅರ್ಧ ಗಂಟೆ ಹೆಜ್ಜೆ 1ರ ಸುತ್ತು ಹಾಕಿಸಿ, ಆಮೇಲೆ ಕಸಬರಿಗೆ ಕೊಡಿ.

ಆರು ತಿಂಗಳಿಗೊಮ್ಮೆಯಾದರೂ ಒಂದು ಅಭ್ಯಾಸ ರಾತ್ರಿ ಪಾಳಿಯಲ್ಲಿ ಆಗಬೇಕು. ನಿಜ ಪೇಶಂಟ್‌ಗಳನ್ನು ಎಬ್ಬಿಸಬೇಡಿ. ಖಾಲಿ ಹಾಸಿಗೆಯ ಮೇಲೆ ಒಬ್ಬ ವಿದ್ಯಾರ್ಥಿ ಮಲಗಲಿ. ಮೊಬೈಲಿನಲ್ಲಿ ಹೊತ್ತು ಹಿಡಿಯಿರಿ: ಕೂಗು ಕೇಳಿ ಪಕ್ಕದ ವಾರ್ಡಿನವರು ಬರಲು ಎಷ್ಟು, ಕೀಲಿ ಸಿಗಲು ಎಷ್ಟು, ಒಬ್ಬರನ್ನು ಫೈರ್ ಡೋರ್ ದಾಟಿಸಲು ಎಷ್ಟು. ತಪ್ಪಿದವರನ್ನು ಬೈಯಬೇಡಿ, ತಪ್ಪಿದ್ದೇನು ಅಂತ ಪುಸ್ತಕದಲ್ಲಿ ಬರೆದು, ಸರಿಪಡಿಸುವವರ ಹೆಸರು ಮತ್ತು ತಾರೀಖು ಹಾಕಿ. ರಾಜಕೋಟ್ ಕೋವಿಡ್ ಆಸ್ಪತ್ರೆಯ ಬೆಂಕಿಯ ನಂತರ, 2020ರ ಡಿಸೆಂಬರ್‌ನಲ್ಲಿ, ಪ್ರತಿ ಕೋವಿಡ್ ಆಸ್ಪತ್ರೆಯಲ್ಲೂ ಅಗ್ನಿ ಸುರಕ್ಷತೆಗೆ ಹೊಣೆಗಾರ ನೋಡಲ್ ಅಧಿಕಾರಿ ಒಬ್ಬರಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ನಿಮ್ಮಲ್ಲಿ ಆ ಹೊಣೆ ಈಗ ಯಾರ ಮೇಲಿದೆ ಅಂತ ಕೇಳಿ ತಿಳಿದುಕೊಳ್ಳಿ. ಆ ಪುಸ್ತಕ ಅವರ ಮೇಜಿಗೆ ಹೋಗಲಿ.

ನಿಜವಾಗಿ ಬೆಂಕಿಯಾದ ದಿನ, ಹೊರಗೆ ಸೇರಿದ ಮೇಲೆ ಹ್ಯಾಂಡೋವರ್ ಪುಸ್ತಕ ಹಿಡಿದು ಹೆಸರು ಕೂಗಿ ಎಣಿಸಿ: ಪೇಶಂಟ್, ಅವರ ಕಡೆಯವರು, ಸಿಬ್ಬಂದಿ. ಒಬ್ಬರು ಕಡಿಮೆ ಬಂದರೆ ಅಗ್ನಿಶಾಮಕದವರಿಗೆ ಹೇಳಿ, ನೀವು ಒಳಗೆ ಹೋಗಬೇಡಿ.

ನಮ್ಮ ವಾರ್ಡಿನಲ್ಲಿ ಸಿಲಿಂಡರಿನ ಪಕ್ಕ ಒಂದು ಹಾಳೆ ಅಂಟಿಸಿದ್ದೇವೆ. ಬರೆದವಳು ಆವತ್ತು ಮೇನ್ ಸ್ವಿಚ್ ಇಳಿಸಿದ ಆಯಾಳ ಮಗಳು, ಈಗ ನರ್ಸಿಂಗ್ ಓದುತ್ತಿದ್ದಾಳೆ. ಬೇಕಾದವರು ಹೀಗೇ ಬರೆದು ಹಚ್ಚಿಕೊಳ್ಳಬಹುದು:

ಬೆಂಕಿ ಕಂಡ್ರ:
ಹತ್ತರದವರನ್ನ ಬಿಡಿಸ್ರಿ.
ಜೋರಾಗಿ ಒದರ್ರಿ.
ಬಾಗಲಾ ಮುಚ್ಚರಿ.
ಸಣ್ಣದಿದ್ರ ಆರಿಸ್ರಿ, ದೊಡ್ಡದಿದ್ರ ಹೊಂಡ್ರಿ.
ಕೀಲಿ: ಈ ಹಾಳಿ ಕೆಳಗ, ಗಾಜಿನ ಡಬ್ಬ್ಯಾಗ.
ಮೇನ್ ಸ್ವಿಚ್: ಎಡಗಡೆ, ಲಿನನ್ ರೂಮಿನ ಹಿಂದ.
ಆಕ್ಸಿಜನ್ ವಾಲ್ವ್: ಬಾಗಲದ ಬಲಕ್ಕ. ಸಿಸ್ಟರ್ ಹೇಳಿದ ಮ್ಯಾಲೆ ಮುಚ್ಚರಿ.
ಕೌದಿ: ನಾಕು, ಕೆಂಪು ಪಟ್ಟಿ ಕಟ್ಟಿದ್ದು.
ಫೋನ್: 101, 112.
ಇವತ್ತು ನ __ ಹಿ __ ಹೊ __